ಯಾರ ಎಫಿಶಿಯನ್ಸಿ?

ಬಿಕಾಂ ಕಟ್ಟೆ, ಭಾಗ 6. ಉದ್ದ ಐತಿ ದೋಸ್ತ್ರಾ, ಸೇವ್ ಮಾಡ್ಕೊಂಡು ಬಸ್ಸಿನ್ಯಾಗ ಓದ್ರಿ.

1️⃣
2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಭಾರತದ ಉತ್ಪಾದಕತೆ ತೀರಾ ಕಡಿಮೆ, ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಎರಡೂ ಸಲ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಮೀಮ್ ಹರಿದಾಡಿದವು. ಲೆಕ್ಕ ಮಾತ್ರ ಯಾರೂ ಮಾಡಲಿಲ್ಲ.

ಉತ್ಪಾದಕತೆ ಅಂದ್ರ ಏನು? ಉತ್ಪಾದನೆ ಭಾಗಿಸು ಗಂಟೆ. ಅಂದ್ರ ಗಂಟೆ ಇರೋದು ಕೆಳಗ, ಛೇದದಾಗ. 70 ಗಂಟೆ ದುಡಿದರೆ ಒಟ್ಟು ಮಾಲು ಹೆಚ್ಚು ಬರಬಹುದು. ಆದರೆ ಒಂದು ಗಂಟೆಗೆ ಬರುವ ಮಾಲು ಯಾಕೆ ಹೆಚ್ಚಬೇಕು? ದಣಿದ ಕೈ ಕೊನೆಯ ಗಂಟೆಯಲ್ಲಿ ಮೊದಲ ಗಂಟೆಯಷ್ಟು ಮಾಡಲ್ಲ. ಉತ್ಪಾದಕತೆ ಕಡಿಮೆ ಅಂತ ದೂರಿ, ಅದನ್ನು ಇನ್ನೂ ಕಡಿಮೆ ಮಾಡೋ ಔಷಧ ಬರೆದು ಕೊಟ್ಟಂಗಾತು.

2️⃣
ಹಾಗಂತ ಅಳೆಯೋದೇ ಬೇಡ ಅಂತ ನಾನು ಹೇಳ್ತಿಲ್ಲ. ಅಳತೆ ಇಲ್ಲದ ಕಡೆ ಮೇಲಿನವರಿಗೆ ಬೇಕಾದವರೇ ಒಳ್ಳೆ ಕೆಲಸಗಾರರು ಆಗ್ತಾರೆ.

ನಮ್ಮ ಹಾನಗಲ್ ತಾಲೂಕಿನ ಭತ್ತದ ಗದ್ದೆಗೇ ಬರ್ರಿ. ನಾಟಿಗೆ ಗುತ್ತಿಗೆ ಮಾತಾಡೋವಾಗ ಎಕರೆಗೆ ಇಷ್ಟು ಅಂತ ಎರಡೂ ಕಡೆಯವರು ಒಪ್ಪಿರ್ತಾರೆ. ಬೇಗ ಮುಗಿಸಿದರೆ ಉಳಿದ ಹೊತ್ತು ಆ ಹೆಣ್ಣುಮಕ್ಕಳದ್ದು, ಇನ್ನೊಂದು ಗದ್ದೆಗೆ ಹೋಗಬಹುದು. ಗದ್ದೆಗೆ ನೀರು ಬಂದಿಲ್ಲ, ಸಸಿ ಕಿತ್ತಿಲ್ಲ ಅಂದ್ರ ಗದ್ದೆಯವರಿಗೇ ಮುಖದ ಮೇಲೆ ಕೇಳ್ತಾರೆ: "ನಾವು ಬದುವಿನ ಮ್ಯಾಲೆ ಕುಂತು ಏನ್ ಮಾಡೂಣ್ರಿ?" ಅಳತೆ ಇಬ್ಬರಿಗೂ ಗೊತ್ತು. ತಡ ಯಾರಿಂದ ಆಯ್ತು ಅನ್ನೋದೂ ಇಬ್ಬರಿಗೂ ಗೊತ್ತು. ಫ್ಯಾಕ್ಟರಿಯಲ್ಲಿ ಕಾಣೆಯಾಗೋದು ಈ ಎರಡನೇ ಮಾತು.

3️⃣
ಗಾರ್ಮೆಂಟ್ ಲೈನ್‌ನಲ್ಲಿ ಎಫಿಶಿಯನ್ಸಿ ಹಿಂಗ ತೆಗೀತಾರೆ. ಒಂದು ಪೀಸ್‌ಗೆ ಇಷ್ಟು ನಿಮಿಷ ಅಂತ ಸ್ಟ್ಯಾಂಡರ್ಡ್ ಇರುತ್ತೆ. ಆದ ಪೀಸ್‌ಗಳನ್ನು ಆ ನಿಮಿಷದಿಂದ ಗುಣಿಸಿ, ಲೈನ್‌ನವರ ಒಟ್ಟು ನಿಮಿಷಗಳಿಂದ ಭಾಗಿಸಬೇಕು.

ನಾನೇ ಕಟ್ಟಿದ ಒಂದು ಉದಾಹರಣೆ: 30 ಜನ, 8 ಗಂಟೆ. ಒಟ್ಟು 14,400 ನಿಮಿಷ. ಒಂದು ಅಂಗಿಗೆ 24 ನಿಮಿಷ, ಆದ ಅಂಗಿ 360. ಅಂದ್ರ 8,640 ನಿಮಿಷದ ಕೆಲಸ. ಎಫಿಶಿಯನ್ಸಿ ಶೇ. 60. ಬೋರ್ಡ್ ಮೇಲೆ ಕೆಂಪು ಗುರುತು, ಲೈನ್‌ಗೆ ಬೈಗುಳ.

ಅವತ್ತು ಕಟಿಂಗ್‌ನಿಂದ ಬಟ್ಟೆ ಬರೋದು ಒಂದೂವರೆ ಗಂಟೆ ತಡ ಆಗಿತ್ತು ಅನ್ಕೊಳ್ರಿ. 30 ಜನರ ಲೆಕ್ಕದಲ್ಲಿ 2,700 ನಿಮಿಷ ಬರೇ ಕೂತಿದ್ದು. ಅದನ್ನು ಕಳೆದು ನೋಡ್ರಿ: ಶೇ. 74. ಅದೇ ಜನ, ಅದೇ ಕೈ. ನಡುವಿನ 14 ಅಂಕ ಪ್ಲಾನಿಂಗ್ ಮಾಡಿದವರದ್ದು.

ಇದೇನು ಹೊಸ ಶೋಧ ಅಲ್ಲ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಐಡಲ್ ಟೈಮ್ ವೇರಿಯನ್ಸ್ ಅಂತ ಬೇರೆಯಾಗಿ ತೆಗೀತೀವಲ್ಲ, ಅದೇ ಇದು. ಕರೆಂಟ್ ಹೋದ ಹೊತ್ತನ್ನು ಕೆಲಸಗಾರರ ತಲೆಗೆ ಕಟ್ಟಬಾರದು ಅಂತ ಪುಸ್ತಕವೇ ಹೇಳುತ್ತೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡು ಮರೀತೀವಿ.

ನಮ್ಮ ಚಿಕ್ಕವ್ವನ ಮಗಳು ಒಂದು ಗಾರ್ಮೆಂಟ್‌ನಲ್ಲಿ ಹೊಲೀತಾಳೆ. ಗಂಟೆಗೊಮ್ಮೆ ಪೀಸ್ ಲೆಕ್ಕ ಬೋರ್ಡ್ ಮೇಲೆ ಬರುತ್ತೆ. ಟಾಯ್ಲೆಟ್‌ಗೆ ಎದ್ದರೆ ಟಾರ್ಗೆಟ್ ತಪ್ಪುತ್ತೆ ಅಂತ ಆಕಿ ನೀರೇ ಕಡಿಮೆ ಕುಡೀತಾಳೆ. ಇದನ್ನು ಬರೆಯೋಕೆ ಆ ಬೋರ್ಡ್‌ನಲ್ಲಿ ಕಾಲಂ ಇಲ್ಲ.

4️⃣
ಕೆಲಸ ಸುಧಾರಿಸೋದು ಹೆಂಗ ಹಂಗಾದ್ರ? ಉತ್ತರ ನಮ್ಮ ರಾಜ್ಯದಾಗೇ ಐತಿ.

ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಶಾಧಮ್ ಅನ್ನೋ ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಲಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಲೈನ್‌ಗಳ ದಿನದಿನದ ಲೆಕ್ಕ ಹಿಡಿದು ನೋಡಿದರು. ಬಿಸಿಲು ಏರಿದ ದಿನ ಉತ್ಪಾದನೆ ಇಳೀತಿತ್ತು. ಹಳೇ ದೀಪ ತೆಗೆದು ಶಾಖ ಕಡಿಮೆ ಇರೋ ಎಲ್‌ಇಡಿ ಹಾಕಿದಾಗ ಸುಡು ದಿನಗಳಲ್ಲೂ ಕೆಲಸ ಸುಧಾರಿಸಿತು. ಕರೆಂಟ್ ಬಿಲ್ ಉಳಿತಾಯದ ಜೊತೆ ಈ ಲಾಭವನ್ನೂ ಸೇರಿಸಿದರೆ ಪೇಬ್ಯಾಕ್ ಪೀರಿಯಡ್ ಮೂರನೇ ಒಂದು ಭಾಗಕ್ಕಿಂತ ಕಡಿಮೆಗೆ ಬಂತು.

ಯಾರನ್ನೂ ಬೈಯಲಿಲ್ಲ, ಗಂಟೆ ಏರಿಸಲಿಲ್ಲ. ದೀಪ ಬದಲಾಯ್ತು, ಅಷ್ಟೇ. ಅಲ್ಲಿ ತನಕ ಕೈ ನಿಧಾನ ಅಂತ ಬೈಸಿಕೊಂಡವರು ಎಷ್ಟು ಜನ ಇರಬಹುದು, ಹೇಳ್ರಿ.

5️⃣
ಈಗ ಸಿಟ್ಟು ಬರೋ ಭಾಗ.

ಇವರದೇ ಇನ್ನೊಂದು ಅಧ್ಯಯನ 2023ರಲ್ಲಿ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯಲ್ಲಿ ಬಂತು. ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳಲ್ಲಿ ಲಾಟರಿ ಎತ್ತಿ ಕೆಲವರಿಗೆ ಮಾತುಗಾರಿಕೆ, ಸಮಯ ನಿರ್ವಹಣೆಯಂಥ ತರಬೇತಿ ಕೊಟ್ಟರು. ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ. 13.5 ಹೆಚ್ಚಾಯ್ತು. ತರಬೇತಿ ಮುಗಿದು ಎಂಟು ತಿಂಗಳಿಗೆ ಕಂಪನಿಗೆ ಬಂದ ನಿವ್ವಳ ಲಾಭ, ಹಾಕಿದ ದುಡ್ಡಿನ ಶೇ. 256.

ಅವರ ಪಗಾರ ಎಷ್ಟು ಹೆಚ್ಚಾಯ್ತು? ಶೇ. 0.5.

ಇನ್ನೊಮ್ಮೆ ಓದ್ರಿ. 13.5 ಮತ್ತು 0.5.

ನಮ್ಮ ಪಠ್ಯದ ಹಾಲ್ಸೆ ಪ್ಲ್ಯಾನ್ ನೆನಪೈತಲ್ಲ? ಉಳಿಸಿದ ಹೊತ್ತಿನ ಕೂಲಿಯಲ್ಲಿ ಅರ್ಧ ಕೆಲಸಗಾರರಿಗೆ. 1911ರಲ್ಲಿ ಪುಸ್ತಕ ಬರೆದ ಎಫ್.ಡಬ್ಲ್ಯೂ. ಟೇಲರ್ (ಅಂಗಿ ಹೊಲಿಯೋ ಟೇಲರ್ ಅಲ್ಲ) ಹೇಳೋ ಲೆಕ್ಕದಲ್ಲೂ ಒಬ್ಬ ಕೂಲಿಯವ ದಿನಕ್ಕೆ ಹೊರೋ ಕಬ್ಬಿಣ 12.5 ಟನ್‌ನಿಂದ 47 ಟನ್‌ಗೆ ಏರಿದಾಗ ಕೂಲಿ 1.15 ಡಾಲರ್‌ನಿಂದ 1.85ಕ್ಕೆ ಏರಿತು. ಅದನ್ನೇ ಶೋಷಣೆ ಅಂತ ನೂರು ವರ್ಷದಿಂದ ಜನ ಬೈತಿದಾರೆ. ಆ ಟೇಲರ್‌ನೂ ಶೇ. 60 ಕೂಲಿ ಏರಿಸಿದ್ದ!

ಅದಕ್ಕೇ "ಚಲೋ ಕೆಲಸ ಮಾಡ್ರಿ, ಪಗಾರ ತಾನೇ ಏರ್ತೈತಿ" ಅನ್ನೋರಿಗೆ ಈ ಎರಡು ಅಂಕಿ ತೋರಿಸ್ರಿ. ತಾನಾಗಿ ಏರಲ್ಲ. ಕೇಳಬೇಕು, ಒಪ್ಪಂದದಲ್ಲಿ ಬರೆಸಬೇಕು, ಒಬ್ಬರೇ ಕೇಳಿದರೆ ಆಗದಿದ್ದಾಗ ಕೂಡಿ ಕೇಳಬೇಕು.

6️⃣
ಇದನ್ನೆಲ್ಲ ನಿಮಗ್ಯಾಕ ಹೇಳ್ತಿದೀನಿ? ಅಕ್ಕಿಆಲೂರಿನಿಂದ ಮುಂದಿನ ವರ್ಷ ನಮ್ಮಲ್ಲಿ ಸುಮಾರು ಜನ ಹುಬ್ಬಳ್ಳಿ, ಬೆಂಗಳೂರು ಬಸ್ ಹತ್ತುತ್ತೀವಿ. ಕೆಲವರು ಟಾರ್ಗೆಟ್ ಮುಟ್ಟೋ ಕಡೆ ಕೂಡ್ತೀವಿ, ಕೆಲವರು ಎಕ್ಸೆಲ್‌ನಲ್ಲಿ ಟಾರ್ಗೆಟ್ ಬರೆಯೋ ಕಡೆ. ಶೇ. 60 ಅಂತ ಟೈಪ್ ಮಾಡೋ ಬೆರಳು ನಮ್ಮದೇ ಆಗಿರುತ್ತೆ.

ಬರೆಯೋ ಕಡೆ ಕೂತವರು ಮೂರು ಕಾಲಂ ಸೇರಿಸ್ರಿ:
▪️ ಕೆಲಸ ನಿಂತ ಹೊತ್ತು ಎಷ್ಟು, ಯಾರ ಕಾರಣಕ್ಕೆ.
▪️ ಈ ತಿಂಗಳು ಬಿಟ್ಟು ಹೋದವರು ಎಷ್ಟು, ಹೊಸಬರಿಗೆ ಕಲಿಸೋಕೆ ಎಷ್ಟು ಖರ್ಚು. (ಪಗಾರ ಏರಿಕೆ ನಿರಾಸೆ ಮಾಡಿದ ಮೇಲೂ, ಹೆಸರು ಹೇಳದೆ ಅಭಿಪ್ರಾಯ ಕೊಡೋ ಅವಕಾಶ ಸಿಕ್ಕವರು ಕೆಲಸ ಬಿಡೋದು ಕಡಿಮೆಯಾಯ್ತು ಅಂತ ಭಾರತದ ಗಾರ್ಮೆಂಟ್ ಫ್ಯಾಕ್ಟರಿಗಳ ಇನ್ನೊಂದು ಪ್ರಯೋಗ ತೋರಿಸಿದೆ. ಕೇಳೋಕೆ ಒಂದು ಹಾಳೆ ಸಾಕು.)
▪️ ಉತ್ಪಾದಕತೆ ಏರಿದ್ದು ಎಷ್ಟು, ಅದರಲ್ಲಿ ಪಗಾರಕ್ಕೆ ಹೋಗಿದ್ದು ಎಷ್ಟು.

ಮುಟ್ಟೋ ಕಡೆ ಕೂತವರು ಇಂಟರ್ವ್ಯೂನಲ್ಲೇ ಕೇಳ್ರಿ: "ಟಾರ್ಗೆಟ್ ಹೆಂಗ ಫಿಕ್ಸ್ ಮಾಡ್ತೀರಿ ಸರ್? ಸಿಸ್ಟಮ್ ಹ್ಯಾಂಗ್ ಆದ ಹೊತ್ತು ಯಾರ ಲೆಕ್ಕಕ್ಕೆ ಹೋಗ್ತೈತಿ?"

ಈ ಪ್ರಶ್ನೆ ಕೇಳಿದ್ದಕ್ಕೇ ಕೆಲಸ ಕೊಡದಿದ್ದರೆ, ಆ ಕಂಪನಿಯ ಎಫಿಶಿಯನ್ಸಿ ನಿಮಗೆ ಪುಕ್ಕಟೆ ಗೊತ್ತಾತು ಅನ್ಕೊಳ್ರಿ.

ಮುಂದಿನ ಭಾಗ: ಪಿಎಫ್ ಪಾಸ್‌ಬುಕ್ ಓದೋದು ಹೆಂಗ. ನಿಮ್ಮ ಮನೆಯಾಗ ಯಾರಾದ್ರೂ ಲೈನ್‌ನಲ್ಲಿ ದುಡೀತಿದ್ರ, ಇದನ್ನ ಅವರಿಗೆ ಓದಿ ಹೇಳ್ರಿ.

#ಬಿಕಾಂಕಟ್ಟೆ #ಅಕ್ಕಿಆಲೂರು #ಯಾರಎಫಿಶಿಯನ್ಸಿ