ಅರಸನೊಬ್ಬ ಇದ್ದಿದ್ದರೆ

ಬೆಳಗಾವಿಯ ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದೆವು. ನಮ್ಮ ಸಾಲಿನಲ್ಲಿ ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು. ಮಾತು ಹೇಗೋ ಗಡಿಯ ಕಡೆಗೆ ಹೊರಳಿತು. ಎಲ್ಲರೂ ಕೊಂಚ ಬಿಗಿಯಾದರು. ಆಗ ಹಿರಿಯರೊಬ್ಬರು, "ರಾಜರು ಇದ್ದಿದ್ರ ಈ ಉಸಾಬರೀನ ಇರ್ತಿದ್ದಿಲ್ಲ ನೋಡ್ರಿ. ಈ ಸೀಮಿಗೆ ಒಬ್ಬ ರಾಜಾ ಇರಬೇಕಿತ್ತು. ಆ ಕಡೆನೂ ಅಲ್ಲ, ಈ ಕಡೆನೂ ಅಲ್ಲ" ಎಂದರು. ಎರಡೂ ಭಾಷೆಯವರು ತಲೆಯಾಡಿಸಿದರು. ಆ ಮಧ್ಯಾಹ್ನ ಅವರೆಲ್ಲ ಒಪ್ಪಿದ್ದು ಅದೊಂದೇ ಮಾತು. ಮದುವೆ ಮನೆಯಲ್ಲಿ ವಾದ ಯಾಕೆಂದು ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಎಂದು ಆಮೇಲೆ ಅನ್ನಿಸಿತು. ಆ ತಪ್ಪನ್ನು ಇಲ್ಲಿ ತಿದ್ದಿಕೊಳ್ಳುತ್ತಿದ್ದೇನೆ.

ಹಿರಿಯರ ಮಾತು ಬರೀ ಹರಟೆಯೇನಲ್ಲ. ಅಂಥ ಒಂದು ರಾಜ್ಯ ಹುಟ್ಟುವುದರಲ್ಲಿತ್ತು. 1946-47ರಲ್ಲಿ ಔಂಧ, ಸಾಂಗಲಿ, ಫಲ್ಟಣ, ಭೋರ್ ಮುಂತಾದ ಸಂಸ್ಥಾನಗಳ ಅರಸರು ಒಟ್ಟುಗೂಡಿ ಸಂಯುಕ್ತ ದಖ್ಖನ್ ರಾಜ್ಯ ಕಟ್ಟಲು ಹೊರಟಿದ್ದರು. ಸಲಹೆ ಕೇಳಲು ಗಾಂಧೀಜಿಯವರ ಬಳಿಗೂ ಹೋಗಿದ್ದರು. ಆ ಕಾಲದ ನಕಾಶೆ ನಮ್ಮ ಅಜ್ಜಿಯರು ಹೊಲಿದ ಕೌದಿಯ ಹಾಗಿತ್ತು. ಬೆಳಗಾವಿ ಇಂಗ್ಲಿಷರದು, ಅದಕ್ಕೆ ಅಂಟಿಕೊಂಡ ಶಹಾಪುರ ಸಾಂಗಲಿಯದು. ಶಿರಹಟ್ಟಿ, ತೇರದಾಳಗಳೂ ಸಾಂಗಲಿಯವೇ. ಲಕ್ಷ್ಮೇಶ್ವರ ಮಿರಜಿನದು, ಕುಂದಗೋಳ ಜಮಖಂಡಿಯದು, ವಿಜಾಪುರ ಸೀಮೆಯ ಗುಣದಾಳ ದೂರದ ಔಂಧದ್ದು. ಒಂದು ಓಣಿ ದಾಟಿದರೆ ಅರಸ ಬದಲಾಗುತ್ತಿದ್ದ. ಆ ಒಕ್ಕೂಟ ಬಾಳಲಿಲ್ಲ. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಕೊಲ್ಲಾಪುರ ಮಾತ್ರ ಇನ್ನೊಂದು ವರ್ಷ ತಡೆದು 1949ರಲ್ಲಿ ಸೇರಿತು.

ಸರಿ, ಸೇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಭಾರತದ ಒಳಗೇ, ಆದರೆ ಸಿಂಹಾಸನ ಉಳಿಸಿಕೊಂಡು, ಒಂದು ದಖ್ಖನ್ ರಾಜ್ಯ ನಿಂತಿತೆನ್ನಿ. ಬೆಳಗಾವಿ ಅದರ ರಾಜಧಾನಿ. ದಸರೆಗೆ ಆನೆ, ಅಂಬಾರಿ, ಬನ್ನಿ ಮುಡಿಯುವ ದರಬಾರು. ಕನ್ನಡವೂ ರಾಜಭಾಷೆ, ಮರಾಠಿಯೂ ರಾಜಭಾಷೆ. ಕೇಳಲು ಎಷ್ಟು ಚೆಂದ! ಆದರೆ ಕನಸು ಕಾಣುವವರು ಅಂಬಾರಿಯ ಹತ್ತಿರವೇ ನಿಂತುಬಿಡುತ್ತಾರೆ. ನಾನು ಕಚೇರಿಯ ಒಳಗೂ ಹೋಗಿ ನೋಡಬಯಸುತ್ತೇನೆ.

ನನ್ನ ಅಜ್ಜ ಇಂಥದೇ ಒಂದು ಸಂಸ್ಥಾನದ ರೈತ. ಬರ ಬಿದ್ದ ವರ್ಷ ಕಂದಾಯ ಮಾಫಿ ಕೇಳಲು ಕಚೇರಿಗೆ ಹೋದನಂತೆ. ಅವನಿಗೆ ಬರುತ್ತಿದ್ದದ್ದು ಕನ್ನಡವೊಂದೇ. ಕಚೇರಿಯ ಕಾಗದವೆಲ್ಲ ಮರಾಠಿ, ಅದೂ ಮೋಡಿ ಲಿಪಿ. ಅರ್ಜಿ ಬರೆಸಲು ಒಬ್ಬನಿಗೆ ದುಡ್ಡು, ಬಂದ ಉತ್ತರ ಓದಿಸಲು ಇನ್ನೊಬ್ಬನಿಗೆ ದುಡ್ಡು. ಉತ್ತರದಲ್ಲಿ ಇದ್ದದ್ದು 'ಇಲ್ಲ' ಎಂಬ ಒಂದೇ ಮಾತು. "ಇಲ್ಲ ಅನ್ನೋದನ್ನ ತಿಳಕೊಳ್ಳಾಕ ಒಂದು ಆಡು ಮಾರಿದೆ" ಎಂದು ಅಜ್ಜ ಸಾಯುವ ತನಕ ಹೇಳುತ್ತಿದ್ದ. ಅವನ ಪಕ್ಕದ ಹೊಲದವನು ಮರಾಠಿಯವನೇ. ಅವನಿಗೆ ಸಿಕ್ಕಿದ್ದೂ ಅದೇ 'ಇಲ್ಲ'. ಅವನಿಗೂ ಮೋಡಿ ಓದಲು ಬರುತ್ತಿರಲಿಲ್ಲ. ಅರಸನ ಮುಂದೆ ಎರಡು ಭಾಷೆ ಸಮ ಎಂದರೆ ಬಹಳ ಸಲ ಇಷ್ಟೇ: ಇಬ್ಬರೂ ಸಮನಾಗಿ ಬಾಯಿ ಮುಚ್ಚಿಕೊಂಡಿರುವುದು.

ಬಾಯಿ ತೆರೆದರೆ ಏನಾಗುತ್ತಿತ್ತು ಎಂಬುದಕ್ಕೆ ರಾಮದುರ್ಗ ಇದೆ. ಅಲ್ಲಿ ಪ್ರಜಾಸಂಘದವರು ತೆರಿಗೆ ಇಳಿಸಿರೆಂದು ಕೇಳಿದರು. ಮುಖಂಡರನ್ನು ಸೆರೆಗೆ ಹಾಕಿದ ಮೇಲೆ, 1939ರ ಏಪ್ರಿಲ್‌ನಲ್ಲಿ ಜನ ಸಿಟ್ಟಿಗೆದ್ದು ಸೆರೆಮನೆಗೇ ನುಗ್ಗಿದರು. ಪೊಲೀಸರು ಸತ್ತರು. ಆಮೇಲೆ ಪ್ರಜೆಗಳು ಗಲ್ಲಿಗೇರಿದರು. ಆ ಹಿಂಸೆಯನ್ನು ನಾನು ಸಮರ್ಥಿಸುತ್ತಿಲ್ಲ. ಓಟಿನ ಪೆಟ್ಟಿಗೆ ಇಲ್ಲದ ಊರಲ್ಲಿ ಕೈಗೆ ಕಲ್ಲೇ ಸಿಗುತ್ತದೆ ಎನ್ನುತ್ತಿದ್ದೇನೆ.

"ಎಲ್ಲಾ ರಾಜರೂ ಹಂಗಿದ್ರೇನು?" ಎಂದು ನೀವು ಕೇಳುತ್ತೀರಿ. ಇರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ಅರ್ಧದಷ್ಟು ನೌಕರಿ ಮೀಸಲಿಟ್ಟರು. ದೊಡ್ಡ ಮನುಷ್ಯ, ಕೈಮುಗಿಯುತ್ತೇನೆ. ಔಂಧದ ಭವಾನರಾವ್ ಪಂತ ಪ್ರತಿನಿಧಿ 1939ರಲ್ಲಿ ತಾನಾಗಿಯೇ ಆಡಳಿತವನ್ನು ಪ್ರಜೆಗಳ ಕೈಗೆ ಒಪ್ಪಿಸಿದರು. ಜಮಖಂಡಿಯ ಅರಸರು ವಿಲೀನಕ್ಕೆ ಮುಂದಾಗಿ ಉಳಿದವರಿಗೆ ದಾರಿ ತೋರಿದರು. ಇವರನ್ನೆಲ್ಲ ನಾವು ಯಾಕೆ ನೆನೆಯುತ್ತೇವೆ ನೋಡಿ. ತಮ್ಮ ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟರು ಎಂದು. ನಮ್ಮ ಕಡೆಯ ಒಳ್ಳೆಯ ಅರಸರ ಪಟ್ಟಿ ಮಾಡಿದರೆ ಅದರ ತುಂಬ ಮೆಟ್ಟಿಲು ಇಳಿದವರೇ ಸಿಗುತ್ತಾರೆ.

ಒಳ್ಳೆಯ ಅರಸನ ಮಗ ಒಳ್ಳೆಯವನೇ ಆದಾನೆಂದು ಯಾರು ಬರೆದುಕೊಡುತ್ತಾರೆ? ಮಗನೇ ಹುಟ್ಟದಿದ್ದರೆ? ಕಿತ್ತೂರಿನ ಕತೆ ಎಲ್ಲರಿಗೂ ಗೊತ್ತು. 1824ರಲ್ಲಿ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ. ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಅವಳ ಶೌರ್ಯಕ್ಕೆ ಎರಡು ಮಾತಿಲ್ಲ. ಆದರೆ ಒಂದಿಡೀ ನಾಡಿನ ಹಣೆಬರಹ ಒಂದು ತೊಟ್ಟಿಲಿಗೆ ಜೋತುಬಿದ್ದಿತ್ತಲ್ಲ, ಅದು ಹೆಮ್ಮೆ ಪಡುವ ವ್ಯವಸ್ಥೆಯೇ?

ಹಾಗಾದರೆ ಜನ ಯಾಕೆ ರಾಜನನ್ನು ಬಯಸುತ್ತಾರೆ? ದಣಿವಿನಿಂದ. 1956ರಿಂದ ಈ ಜಗಳ ಕೇಳಿ ಕೇಳಿ ಕಿವಿ ಸೋತಿವೆ. 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ, 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಆಯೋಗ ಬೇಕೆಂದಿದ್ದ ಮಹಾರಾಷ್ಟ್ರವೇ ವರದಿ ಬೇಡವೆಂದಿತು. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2012ರಲ್ಲಿ ನಾವು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ತೆರೆದೆವು. ಜಗಳ ಮಾತ್ರ ಇದ್ದಲ್ಲೇ ಇದೆ. ಯಾರಾದರೂ ಒಬ್ಬ ಬಂದು 'ಸಾಕು' ಎಂದು ಗದರಿಸಲಿ ಎಂದು ದಣಿದ ಮನಸ್ಸಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿದೆ.

2022ರ ಡಿಸೆಂಬರಿನಲ್ಲಿ ಗಡಿಯಲ್ಲಿ ಬಸ್ಸು ನಿಂತಾಗ ನನ್ನ ಅಕ್ಕ ಮಿರಜಿನ ಆಸ್ಪತ್ರೆಯಲ್ಲಿದ್ದಳು. ನಾನು ಈಚೆಗೆ, ಕೈಯಲ್ಲಿ ಔಷಧದ ಚೀಲ. ಕೊನೆಗೆ ಒಬ್ಬ ಮರಾಠಿ ಟೆಂಪೋದವನು ಇನ್ನೂರು ರೂಪಾಯಿ ಹೆಚ್ಚು ಮಾತಾಡಿ ಹತ್ತಿಸಿಕೊಂಡ. ಉಪಕಾರವೇನಲ್ಲ, ವ್ಯಾಪಾರ. ಆದರೆ ದಾರಿಯುದ್ದಕ್ಕೂ ಅವನು ತನ್ನ ಸರಕಾರವನ್ನು ಮರಾಠಿಯಲ್ಲಿ ಬೈದ, ನಾನು ನನ್ನ ಸರಕಾರವನ್ನು ಕನ್ನಡದಲ್ಲಿ ಬೈದೆ. ಮಂತ್ರಿಗಳ ಹೆಸರು ಹಿಡಿದೇ ಬೈದೆವು. "ಮುಂದಿನ ಚುನಾವಣೆ ಬರಲಿ, ನೋಡಿಕೊಳ್ಳುತ್ತೇವೆ" ಎಂದು ಅವನೂ ಹೇಳಿದ, ನಾನೂ ಹೇಳಿದೆ. ಆಸ್ಪತ್ರೆಯ ಮುಂದೆ ಇಳಿಯುವಾಗ ನನಗೆ ಅಜ್ಜನ ಆಡು ನೆನಪಾಯಿತು. ಅವನೂ ಅವನ ಪಕ್ಕದ ಹೊಲದವನೂ ಒಂದು ದಿನವಾದರೂ ಹೀಗೆ ಗಟ್ಟಿಯಾಗಿ ಬೈದಿರಲಿಕ್ಕಿಲ್ಲ.

ಇಂದಿನವರೆಲ್ಲ ಸಜ್ಜನರೆಂದು ನಾನು ಹೇಳುತ್ತಿಲ್ಲ. 1971ರಲ್ಲಿ ರಾಜಧನ ರದ್ದಾಯಿತು, ಆದರೆ ರಾಜರು ರದ್ದಾಗಲಿಲ್ಲ. ಗಡಿಯ ಎರಡೂ ಬದಿಗೆ ಅಪ್ಪನಿಂದ ಮಗನಿಗೆ ಇಳಿಯುವ ಮತಕ್ಷೇತ್ರಗಳಿವೆ. ಅಧಿವೇಶನ ಹತ್ತಿರ ಬಂದಾಗಲೆಲ್ಲ ಇವರಿಗೆ ಭಾಷೆ ನೆನಪಾಗುತ್ತದೆ, ಗಡಿಭಾಗದ ಶಾಲೆಯ ಸೋರುವ ಮಾಡು ನೆನಪಾಗುವುದಿಲ್ಲ. ಇವರನ್ನು ಅರಸರನ್ನಾಗಿ ಮಾಡಿದವರು ನಾವೇ. ಆದ್ದರಿಂದ ಇಳಿಸಬೇಕಾದವರೂ ನಾವೇ. ಆ ಕೆಲಸ ಬಿಟ್ಟು ಇನ್ನೊಬ್ಬ ಅರಸನಿಗೆ ಹಂಬಲಿಸಿದರೆ ಹೇಗೆ?

ಮದುವೆ ಮನೆಯ ಹಿರಿಯರು ಮತ್ತೆ ಸಿಕ್ಕರೆ ಇಷ್ಟು ಹೇಳುತ್ತೇನೆ: ಯಜಮಾನರೇ, ಆ ದಿನ ನಾವು ಕನ್ನಡದವರು, ಮರಾಠಿಯವರು ಒಂದೇ ಸಾಲಿನಲ್ಲಿ ಉಂಡೆವಲ್ಲ, ಅದನ್ನು ಯಾವ ರಾಜನೂ ಮಾಡಿಸಿರಲಿಲ್ಲ. ಈ ಜಗಳವೂ ನಮ್ಮದೇ. ಅದನ್ನು ಹರಿಸಲು ಇನ್ನೂ ವರ್ಷಗಳು ಹಿಡಿದಾವು, ಹಿಡಿಯಲಿ. ಅರ್ಜಿ ಬರೆಸಲು ಆಡು ಮಾರುವ ಕಾಲಕ್ಕೆ ಮಾತ್ರ ನಾನು ತಿರುಗಿ ಹೋಗಲಾರೆ.