ಕಡಲೆಕಾಯಿ ದಂಡು ಮತ್ತು ಸಂತೇಮರಹಳ್ಳಿಯ ಒಂದು ಓಟು



ಚುನಾವಣೆ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಹೊಲದ ಕೆಲಸವನ್ನು ಮನೆಯ ಹೆಂಗಸರಿಗೆ ವಹಿಸಿ ಅಭ್ಯರ್ಥಿಯ ಹಿಂದೆ ಓಡಾಡುವವರು ಬಹಳ. ಕೈಯಿಂದ ಬಸ್ಸಿನ ಚಾರ್ಜು ಕೊಟ್ಟು, ನೆಂಟರ ಹತ್ತಿರ ಮುಖ ಕೆಡಿಸಿಕೊಂಡು, “ಈ ಸಲ ನಮ್ಮವರೇ” ಎಂದು ಬಾಜಿ ಕಟ್ಟುತ್ತಾರೆ. ಈ ಹುರುಪು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಬೀಜ ಗೊಬ್ಬರಗಳಂತೆ ಅದೂ ರೈತ ಹಾಕುವ ಬಂಡವಾಳವೇ. ಹಾಕಿದ್ದಕ್ಕೆ ಏನು ಬಂತೆಂದು ಲೆಕ್ಕ ಇಡುವವರು ಕಡಿಮೆ. ಸರ್ಕಾರಿ ನೌಕರನಾದ ನಾನು ಇಂಥವರಿಗೆ ಓಟು ಕೊಡಿ ಎನ್ನುವಂತಿಲ್ಲ. ಲೆಕ್ಕದ ಮಾತನ್ನಂತೂ ಆಡಬಹುದಷ್ಟೆ.

ಬೆಂಬಲಿಗನ ಓಡಾಟಕ್ಕೆ ಬೆಲೆ ಎಷ್ಟೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಅಂತರ ಒಂದೇ ಒಂದು! ಸುಗ್ಗಿಯ ಕಣ ಬಿಟ್ಟು ಬರಲಾರೆನೆಂದು ಮನೆಯಲ್ಲೇ ಉಳಿದ ಒಬ್ಬ ರೈತ ಮತಗಟ್ಟೆಗೆ ಹೋಗಿದ್ದರೆ ಫಲಿತಾಂಶವೇ ಬೇರೆಯಾಗಬಹುದಿತ್ತು.

ಮುಂದೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ 2008ರಿಂದ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. ಇಂದು ಯಳಂದೂರು ತಾಲ್ಲೂಕು ಕೊಳ್ಳೇಗಾಲ ಕ್ಷೇತ್ರದಲ್ಲಿದೆ. ಅಲ್ಲಿ 2013ರಲ್ಲಿ ಎರಡನೆಯ ಸ್ಥಾನಕ್ಕೆ ನಿಂತಿದ್ದ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಅವರನ್ನು ಬೆಂಬಲಿಗರು ಕೈಬಿಡಲಿಲ್ಲ. 2018ರಲ್ಲಿ ಆನೆ ಗುರುತಿಗೆ 71,792 ಮತ ಬಿದ್ದು, ಕಾಂಗ್ರೆಸ್ಸಿಗೆ ಬಂದಿದ್ದ ಅದೇ ಕೃಷ್ಣಮೂರ್ತಿಯವರನ್ನು 19,454 ಮತಗಳಿಂದ ಮಹೇಶ್ ಸೋಲಿಸಿದರು. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಆ ಸಲ ದಕ್ಕಿದ್ದು ಅದೊಂದೇ ಸ್ಥಾನ. ಜೂನಿನಲ್ಲಿ ಮಂತ್ರಿಯಾದರು, ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈಯ ವಿಶ್ವಾಸಮತಕ್ಕೆ ಗೈರುಹಾಜರಾದರೆಂದು ಪಕ್ಷ ಅವರನ್ನು ಹೊರಹಾಕಿತು. 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅವರಿಗೆ ಬಿದ್ದದ್ದು 48,844 ಮತ. ಒಂದು ಓಟಿನಿಂದ ಸೋತಿದ್ದ ಕೃಷ್ಣಮೂರ್ತಿಯವರು 59,519 ಮತಗಳ ಅಂತರದಿಂದ ಗೆದ್ದರು.

ಮಹೇಶ್ ಅವರ ನಡೆ ಸರಿಯೇ ತಪ್ಪೇ ಎಂಬ ವಾದ ನಿಮ್ಮ ಅರಳಿಕಟ್ಟೆಯಲ್ಲಿ ಆಗಿಯೇ ಇರುತ್ತದೆ. ಅದನ್ನು ಇಲ್ಲಿ ಎಳೆಯುವುದಿಲ್ಲ. 2018ರಲ್ಲಿ ಆನೆಗೆ ಓಟು ತಂದುಕೊಟ್ಟ ಬೆಂಬಲಿಗನ ಸ್ಥಿತಿ ಏನಾಯಿತು ನೋಡಿ. ಅವನು ಅಭ್ಯರ್ಥಿಯ ಜೊತೆ ಹೋಗಬೇಕು, ಇಲ್ಲವೇ ಗುರುತಿನ ಜೊತೆ ಉಳಿಯಬೇಕು. ಅವನು ಕೇಳಿದ್ದ ಕೆಲಸದ ಮಾತು ಇವೆರಡರ ನಡುವೆ ಬಿದ್ದುಹೋಯಿತು.

ಇದು ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿ. ಅಮೆರಿಕದಲ್ಲಿ ಒಬ್ಬ ಕಡಲೆಕಾಯಿ ಬೆಳೆಗಾರರೇ ರಾಷ್ಟ್ರಾಧ್ಯಕ್ಷರಾಗಿದ್ದರು: ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಪುಟ್ಟ ಊರಿನ ಜಿಮ್ಮಿ ಕಾರ್ಟರ್. 1953ರಲ್ಲಿ ತಂದೆ ತೀರಿಕೊಂಡ ಮೇಲೆ ನೌಕಾಪಡೆಯ ಕೆಲಸ ಬಿಟ್ಟು ಬಂದು ಜಮೀನು, ಬಿತ್ತನೆ ಬೀಜ, ಗೋದಾಮಿನ ವ್ಯವಹಾರ ನೋಡಿಕೊಂಡವರು. ಆ ದೇಶದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನೂ ಒಂದೊಂದು ರಾಜ್ಯದಲ್ಲಿ ಜನರೇ ಓಟು ಹಾಕಿ ತೀರ್ಮಾನಿಸುತ್ತಾರೆ. 1976ರಲ್ಲಿ ಕಾರ್ಟರ್ ನಿಂತಾಗ ಹೊರ ರಾಜ್ಯಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಜಾರ್ಜಿಯಾದ ಬೆಂಬಲಿಗರು ಸ್ವಂತ ಖರ್ಚಿನಲ್ಲಿ ಉತ್ತರದ ನ್ಯೂ ಹ್ಯಾಂಪ್‌ಷೈರ್ ರಾಜ್ಯಕ್ಕೆ ಹೋಗಿ, ಹಿಮದಲ್ಲಿ ಮನೆಮನೆ ಸುತ್ತಿ “ಈತ ನಮ್ಮ ಊರ ಕಡೆಯವರು, ನಾವು ಬಲ್ಲೆವು” ಎಂದು ಹೇಳಿಬಂದರು. ಇವರಿಗೆ ಪತ್ರಿಕೆಗಳಲ್ಲಿ ‘ಪೀನಟ್ ಬ್ರಿಗೇಡ್’, ಎಂದರೆ ಕಡಲೆಕಾಯಿ ದಂಡು, ಎಂಬ ಹೆಸರೇ ಬಿತ್ತು. ಕಾರ್ಟರ್ ಅಲ್ಲಿ ಗೆದ್ದರು, ಕೊನೆಗೆ ಅಧ್ಯಕ್ಷರೂ ಆದರು. (1978ರಲ್ಲಿ ಭಾರತಕ್ಕೆ ಬಂದಾಗ ಅವರು ನೋಡಿದ ಹರಿಯಾಣದ ಹಳ್ಳಿಗೆ ಕಾರ್ಟರ್‌ಪುರಿ ಎಂದೇ ಹೆಸರಿಟ್ಟರು.)

ರೈತನೇ ಗದ್ದುಗೆ ಏರಿದ ಮೇಲೆ ರೈತರ ಕಷ್ಟ ತೀರಬೇಕಿತ್ತಲ್ಲವೇ? ತೀರಲಿಲ್ಲ. ಧಾನ್ಯದ ಬೆಲೆ ಖರ್ಚಿಗೆ ಸಾಲದೆಂದು 1978ರಲ್ಲಿ ಒಮ್ಮೆ, 1979ರಲ್ಲಿ ಮತ್ತೊಮ್ಮೆ, ಅಲ್ಲಿನ ರೈತರು ಟ್ರ್ಯಾಕ್ಟರುಗಳನ್ನೇ ಓಡಿಸಿಕೊಂಡು ರಾಜಧಾನಿ ವಾಷಿಂಗ್ಟನ್ನಿಗೆ ನುಗ್ಗಿದರು. 1980ರ ಜನವರಿಯಲ್ಲಿ, ಆಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿಸಿದ ಸೋವಿಯತ್ ದೇಶಕ್ಕೆ ಬುದ್ಧಿ ಕಲಿಸಲೆಂದು ಕಾರ್ಟರ್ 170 ಲಕ್ಷ ಟನ್ ಧಾನ್ಯದ ಮಾರಾಟ ತಡೆದರು. ಸೋವಿಯತ್ತರು ಅರ್ಜೆಂಟೀನಾ ಮುಂತಾದ ಕಡೆ ಕೊಂಡರು. ಸಿಟ್ಟು ಬಂದದ್ದು ಅಮೆರಿಕದ ಬೆಳೆಗಾರರಿಗೆ. ಆ ವರ್ಷದ ನವೆಂಬರಿನಲ್ಲಿ ಕಾರ್ಟರ್ ಸೋತರು. ಬೆಲೆಯೇರಿಕೆ, ಇರಾನಿನ ಒತ್ತೆಯಾಳುಗಳ ಪ್ರಕರಣ ಮುಂತಾದ ಬೇರೆ ಕಾರಣಗಳೂ ಇದ್ದವು. ನನಗೆ ಮೆಚ್ಚುಗೆಯಾಗುವುದು ಟ್ರ್ಯಾಕ್ಟರು ಓಡಿಸಿದವರ ನಡೆ. ಕುರ್ಚಿಯಲ್ಲಿರುವವರು ನಮ್ಮಂಥ ರೈತರೇ ಎಂಬ ದಾಕ್ಷಿಣ್ಯಕ್ಕೆ ಅವರು ಬೆಲೆಯ ಮಾತನ್ನು ಬಿಡಲಿಲ್ಲ.

ಕೇಳಿ ಕೇಳಿ ಸಾಕಾದವರು ಏನು ಮಾಡುತ್ತಾರೆಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ, ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ರಸ್ತೆ, ನೀರು, ವಿದ್ಯುತ್ತು ಇಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಊರಿನಲ್ಲಿ ಗಲಾಟೆಯಾಗಿ ಮತಯಂತ್ರವನ್ನೇ ಒಡೆದುಹಾಕಿದರು. 29ರಂದು ಮರುಮತದಾನ ನಡೆಯಿತು. ಯಂತ್ರ ಒಡೆದದ್ದನ್ನು ಯಾರೂ ಒಪ್ಪಲಾರರು; ಊರಿನ ಮೇಲೆ ಪೊಲೀಸು ಕೇಸು ಬಿದ್ದು ಬಡವರೇ ತೊಂದರೆಪಟ್ಟರು. ಆದರೆ ರಸ್ತೆಯ ಬೇಡಿಕೆ ನ್ಯಾಯವಾದುದಾಗಿತ್ತು.

ಆದುದರಿಂದ ಮುಂದಿನ ಸಲ ಯಾರ ಬಾವುಟ ಹಿಡಿದರೂ, ಹಿಡಿಯುವ ಮುಂಚೆ ಊರಿನ ಎರಡು ಮೂರು ಕೆಲಸಗಳನ್ನು ಕಾಗದದ ಮೇಲೆ ಬರೆದಿಡಿ. ಮುಸುಕಿನ ಜೋಳ ಕೊಳ್ಳುವ ಕೇಂದ್ರ ಯಾವ ತಿಂಗಳು ತೆರೆಯಬೇಕು, ಯಾವ ಕೆರೆಗೆ ನೀರು ಹರಿಯಬೇಕು, ಆನೆ ತುಳಿದ ಬೆಳೆಯ ಪರಿಹಾರ ಎಷ್ಟು ಮಂದಿಗೆ ಬಾಕಿ ಇದೆ ಎಂಬಂತೆ ಖಚಿತವಾಗಿ ಬರೆಯಿರಿ. “ರೈತರ ಉದ್ಧಾರ” ಎಂದು ಬರೆದರೆ ಯಾರು ಬೇಕಾದರೂ ಒಪ್ಪಿಕೊಂಡು ಹೋಗುತ್ತಾರೆ! ಅದೇ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ.

ಗೆದ್ದ ಶಾಸಕರಿಗೆ ಕ್ಷೇತ್ರದ ಕೆಲಸಕ್ಕೆಂದು ವರ್ಷಕ್ಕೆ 2 ಕೋಟಿ ರೂಪಾಯಿಯ ನಿಧಿ ಇದೆ. ಅದು ಯಾವ ಊರಿನ ಯಾವ ಕೆಲಸಕ್ಕೆ ಹೋಯಿತೆಂಬ ಪಟ್ಟಿಯನ್ನು ಚಾಮರಾಜನಗರದ ಜಿಲ್ಲಾಧಿಕಾರಿಗಳ ಕಚೇರಿಯಿಂದ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು; 30 ದಿನದೊಳಗೆ ಉತ್ತರ ಬರಬೇಕು. ಪಟ್ಟಿ ಬಂದ ದಿನ ಅದನ್ನು ವಾಚನಾಲಯದ ಗೋಡೆಗೆ ಅಂಟಿಸಿ, ಓದಲು ಬಾರದವರಿಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಿ.