ಲೇಸಿಗೆ ಗ್ಯಾಲರಿಯಲ್ಲೇನು ಕೆಲಸ ಎನ್ನುವವರಿಗೆ

ಲೇಸ್ ಕಲೆಯಲ್ಲ, ಬರೀ ಕೈಚಳಕ ಎನ್ನುವವರ ಮೊದಲ ವಾದ: ಹೆಣೆಯುವವರು ಮಾದರಿ ನೋಡಿ ಹೆಣೆಯುತ್ತಾರೆ, ಸ್ವಂತದ್ದೇನಿದೆ? ಮಾದರಿ ಇದ್ದದ್ದು ನಿಜ. 16ನೇ ಶತಮಾನದಲ್ಲೇ ವೆನಿಸ್‌ನಲ್ಲಿ ಲೇಸಿನ ಮಾದರಿ ಪುಸ್ತಕಗಳು ಅಚ್ಚಾಗುತ್ತಿದ್ದವು. ಆದರೆ ಕಸೂತಿ ಹಾಕುವವರಿಗೆ ಸೂಜಿಯ ಕೆಳಗೆ ಬಟ್ಟೆಯಾದರೂ ಇರುತ್ತದೆ. ಲೇಸ್ ಹೆಣೆಯುವವರಿಗೆ ಅದೂ ಇಲ್ಲ. ಎಲ್ಲಿ ದಾರ ಬೇಕು, ಎಲ್ಲಿ ಬೇಡ ಎಂದು ನಿರ್ಧರಿಸುತ್ತಾ ಖಾಲಿ ಜಾಗಕ್ಕೇ ಆಕಾರ ಕೊಡಬೇಕು. ಇದು ಶಿಲ್ಪಿಯ ಕೆಲಸ.

ಎರಡನೆಯ ಆಕ್ಷೇಪ ಸಾಂಪ್ರದಾಯಿಕ ಲೇಸ್ ಬಲ್ಲವರದು: ಗ್ಯಾಲರಿಯಲ್ಲಿ ತೂಗುಹಾಕಿದ್ದು ಲೇಸೇ ಅಲ್ಲ. ಇದನ್ನು ಅರ್ಧ ಒಪ್ಪುತ್ತೇನೆ. ಕೆನಡಾದ ಕ್ಯಾಲ್ ಲೇನ್ ಕಬ್ಬಿಣದ ಸಲಿಕೆ, ಎಣ್ಣೆ ಪೀಪಾಯಿಗಳಲ್ಲಿ ಕೊರೆದದ್ದು ಲೇಸಿನ ಚಿತ್ರ. ಸೊಗಸಾಗಿದೆ, ಆದರೆ ಹೆಣಿಗೆ ಇಲ್ಲ. 2011ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಗ್ಯಾಸ್ ಹಾಲ್‌ನಲ್ಲಿ ಲೆಸ್ಲಿ ಮಿಲ್ಲರ್ 20 ಕಲಾವಿದರನ್ನು ಕೂಡಿಸಿ ನಡೆಸಿದ 'ಲಾಸ್ಟ್ ಇನ್ ಲೇಸ್' ಪ್ರದರ್ಶನದ ಮಾತು ಬೇರೆ. ಅಲ್ಲಿ ಚಿಹಾರು ಶಿಯೋಟಾ ಬಿಳಿ ನಿಲುವಂಗಿಗಳ ಸುತ್ತ ಕಪ್ಪು ಉಣ್ಣೆ ದಾರದ ದಟ್ಟ ಜಾಲ ಕಟ್ಟಿದ್ದರು. ಉಡುಪು ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಮದುಮಗಳ ಮುಖದ ಮೇಲಿನ ಲೇಸ್ ಮುಸುಕು ಮಾಡುತ್ತಿದ್ದದ್ದೂ ಅದನ್ನೇ: ತೋರಿಸುತ್ತಲೇ ತಡೆಯುವುದು. ಹೆಸರಿಟ್ಟು ಕರೆಯಬಲ್ಲ ಲೇಸ್ ಹೊಲಿಗೆ ಯಾವುದೂ ಇಲ್ಲದಿದ್ದರೂ ಲೇಸಿನ ಗುಣ ಅಲ್ಲಿ ಪೂರ್ತಿಯಾಗಿತ್ತು.

ಯಂತ್ರವೇ ಮಾಡುವಾಗ ಕೈಯೇಕೆ ಎಂಬ ಪ್ರಶ್ನೆ ಹಳೆಯದು. ಲೇಸಿನ ಬಲೆ ಹೆಣೆಯಲು ಹೀತ್‌ಕೋಟ್ ಎಂಬಾತ ರೂಪಿಸಿದ ಯಂತ್ರಕ್ಕೆ ಇನ್ನೂರು ವರ್ಷ ದಾಟಿದೆ. ಗಜಗಟ್ಟಲೆ ಲೇಸ್ ಅದು ಕೊಡಲಿ. ಹೊಸದನ್ನು ಯೋಚಿಸುವ ಕೆಲಸ ಕೈಗೇ ಉಳಿದಿದೆ.

ಕೊನೆಯ ಆಕ್ಷೇಪ ಭಾರವಾದದ್ದು: ಬಡ ಹೆಂಗಸರ ಕಣ್ಣು ಸವೆಸಿದ ದುಡಿಮೆಯನ್ನು ಗ್ಯಾಲರಿಯ ದೀಪದಡಿ ಮೆರೆಸುತ್ತೀರಿ. ದೂರ ಹೋಗಬೇಕಿಲ್ಲ, ಆಂಧ್ರದ ನರಸಾಪುರವಿದೆ. ಮರಿಯಾ ಮೀಸ್ 1982ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಅಲ್ಲಿ ಮನೆಯೊಳಗೆ ಕೂತು ಹೊತ್ತುಗಟ್ಟಲೆ ಕ್ರೋಶಾ ಲೇಸ್ ಹೆಣೆದ ಹೆಂಗಸರನ್ನು ಕೆಲಸಗಾರರೆಂದೇ ಎಣಿಸಲಿಲ್ಲ. 'ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರು' ಎಂದರು. ಅದೇ ನೆಪದಲ್ಲಿ ಕೂಲಿ ಕಡಿಮೆಯಾಯಿತು, ಲಾಭ ರಫ್ತುದಾರರ ಪಾಲಾಯಿತು. ಆ ಅನ್ಯಾಯ ಯಾವ ಪ್ರದರ್ಶನದಿಂದಲೂ ತೊಳೆದುಹೋಗದು. ಆದರೆ ಅದಕ್ಕೆ ಆಸರೆಯಾದದ್ದು ಯಾವ ನಂಬಿಕೆ? ಇದು ಬುದ್ಧಿಯ ಕೆಲಸವಲ್ಲ, ಹೆಂಗಸರ ಕೈಚಳಕ ಎಂಬುದೇ ಅಲ್ಲವೆ? ಮೊದಲ ವಾದವನ್ನೂ ಈ ವಾದವನ್ನೂ ಒಂದೇ ಬಾಯಲ್ಲಿ ಆಡಲಾಗದು.

ನೀವು ಕೇಳಬೇಕಾದದ್ದು ಬೇರೆ ಇದೆ, ಅದರಲ್ಲಿ ನಾನೂ ನಿಮ್ಮ ಜೊತೆ: ಕಲಾವಿದರು ಬೇರೆಯವರಿಂದ ಹೆಣೆಸಿದ್ದರೆ, ಹೆಣೆದವರ ಹೆಸರೂ ಗೋಡೆಯ ಮೇಲಿರಲಿ, ಕೃತಿ ಮಾರಾಟವಾದಾಗ ಅವರಿಗೂ ಪಾಲು ಸಲ್ಲಲಿ.